ಎಇಒ ಸೀಲು ಮತ್ತು ನನ್ನ ಪೊಲೀಸ್ ಅರ್ಜಿ

ನಿನ್ನ ಮೆಸೇಜು ಓದಿದೆ ಮಾರಾಯ್ತಿ. "ನಿಮ್ಮ ಕಡೆಯವರಿಗೆ ಖಾಕಿ ಯಾಕೆ? ದುಬೈ ಇದೆ, ಬ್ಯಾಂಕ್ ಇದೆ. ಅದೂ ಅರ್ಧ ಕೇರಳದವಳು ನೀನು, ಕನ್ನಡದಲ್ಲಿ ಪರೀಕ್ಷೆ ಬರೆದು ಪಾಸಾಗ್ತೀಯಾ?" ಕೊನೆಗೆ ಒಂದು ನಗುವ ಮುಖ ಬೇರೆ. ನಗುವ ಮುಖ ಹಾಕಿದರೆ ಏನು ಬೇಕಾದರೂ ಕೇಳಬಹುದು ಅಂತ ನಿಮ್ಮ ತುಮಕೂರಿನಲ್ಲಿ ಏನಾದರೂ ಕಾನೂನು ಉಂಟಾ? ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಆ "ಅರ್ಧ ಕೇರಳ" ಮುಗಿಸುತ್ತೇನೆ. ನಮ್ಮ ಮನೆ ತಲಪಾಡಿ. ದಕ್ಷಿಣ ಕನ್ನಡ ಜಿಲ್ಲೆ, ಕರ್ನಾಟಕ. ಅಮ್ಮನ ತವರು ಉಪ್ಪಳ. ಅದು ಕಾಸರಗೋಡು ಜಿಲ್ಲೆ, ಕೇರಳ. ಬಸ್ಸಿನಲ್ಲಿ ಸರಿಯಾಗಿ ಒಂದು ನಿದ್ದೆ ಮಾಡುವಷ್ಟೂ ದೂರ ಇಲ್ಲ. 1956ರ ನವೆಂಬರ್ 1ಕ್ಕೆ, ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದಾಗ, ಅಜ್ಜಿಯ ಮನೆ ಕೇರಳಕ್ಕೆ ಹೋಯಿತು. ಅಜ್ಜಿ ಎಲ್ಲಿಗೂ ಹೋಗಲಿಲ್ಲ, ಅದೇ ಬಾವಿಕಟ್ಟೆಯಲ್ಲಿ ಇದ್ದರು. 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ನಮ್ಮ ರಾಜ್ಯಕ್ಕೆ ಸೇರಬೇಕು ಅಂತ ಹೇಳಿತು. ಉಪ್ಪಳ ಇರುವುದು ಆ ಹೊಳೆಯ ಉತ್ತರಕ್ಕೇ. ವರದಿ ಕಪಾಟಿನಲ್ಲಿ ಉಳಿಯಿತು, ಅಜ್ಜಿಗೆ ಕೇರಳದ ರೇಷನ್ ಕಾರ್ಡ್ ಬಂತು. ಅವರು ಮಾತಾಡುವುದು ತುಳು, ಓದುವುದು ಕನ್ನಡ ಪೇಪರು. ಇದರಲ್ಲಿ ಅರ್ಧ ಯಾವುದು, ಪೂರ್ತಿ ಯಾವುದು ಅಂತ ನೀನೇ ಲೆಕ್ಕ ಹಾಕು.

ಅಪ್ಪ ಆಗ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಹಾಗಾಗಿ ನಾನು ಒಂದರಿಂದ ಏಳರ ತನಕ ಅಜ್ಜಿ ಮನೆಯಲ್ಲಿದ್ದು ಅಲ್ಲಿನ ಕನ್ನಡ ಶಾಲೆಗೆ ಹೋದೆ. ಎಂಟರಿಂದ ಈಚೆ. ಈ ಒಂದು ಸಂಗತಿ ನೆನಪಿಟ್ಟುಕೋ. ನನ್ನ ತಲೆನೋವೆಲ್ಲ ಇದರಿಂದಲೇ ಹುಟ್ಟಿದ್ದು.

ನಮ್ಮ ಕಡೆಯವರು ಪೊಲೀಸಿಗೆ ಕಡಿಮೆ ಹೋಗುತ್ತಾರೆ ಎಂಬುದು ಸುಳ್ಳಲ್ಲ. ಮಂಗಳೂರಿನ ಯಾವುದಾದರೂ ಸ್ಟೇಷನ್ನಿಗೆ ಹೋಗಿ ನೋಡು. ಬಾಗಲಕೋಟೆ, ಗದಗ, ವಿಜಯಪುರದ ಹುಡುಗರೇ ಜಾಸ್ತಿ. ಕಾರಣ ಅಂಥಾ ಗುಟ್ಟಿನದೇನಲ್ಲ. 1906ರಲ್ಲೇ ಕೆನರಾ ಬ್ಯಾಂಕ್ ಹುಟ್ಟಿದ ಊರಿದು. ಗಲ್ಫಿಗೆ ಹೋದ ಮಾವ ಪ್ರತಿ ಮನೆಯಲ್ಲೂ ಒಬ್ಬ ಇರುತ್ತಾನೆ. ಡಿಗ್ರಿ ಮುಗಿಸಿದವರನ್ನು "ಬ್ಯಾಂಕಾ, ಹೊರಗೆಯಾ?" ಅಂತ ಕೇಳುತ್ತಾರೆ ಬಿಟ್ಟರೆ ಸ್ಟೇಷನ್ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಗಲಾಟೆ ಆದಾಗ ರಾತ್ರಿ ಹಗಲು ರಸ್ತೆಯಲ್ಲಿ ನಿಲ್ಲುವ ಕೆಲಸ, ಮದುವೆಗೆ ರಜೆ ಸಿಕ್ಕರೆ ಪುಣ್ಯ. ದೊಡ್ಡಮ್ಮ ಕೇಳಿಯೇ ಬಿಟ್ಟರು, "ಹುಡುಗಿಗೆ ಸಂಬಂಧ ನೋಡುವಾಗ ಇದನ್ನು ಹೇಗೆ ಹೇಳುವುದು?"

ಅವರ ಮಗನೇ ಪಿಎಸ್‌ಐ ಆಗುತ್ತೇನೆ ಅಂತ ಹೊರಟವನು. 2021ರ ಅಕ್ಟೋಬರ್ 3ರಂದು 545 ಹುದ್ದೆಗೆ ಪರೀಕ್ಷೆ ಆಯಿತಲ್ವಾ, ಅದನ್ನು ಬರೆದಿದ್ದ. ಆಮೇಲಿನ ಕಥೆ ನಿನಗೂ ಗೊತ್ತು. ಅಕ್ರಮ ಹೊರಬಿತ್ತು, 2022ರ ಏಪ್ರಿಲ್‌ನಲ್ಲಿ ಎಲ್ಲ ರದ್ದು. ಮರುಪರೀಕ್ಷೆ ಆಗುವಾಗ 2024ರ ಜನವರಿ 23. ಅಷ್ಟರಲ್ಲಿ ಅಣ್ಣ ಅಬುಧಾಬಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದ. ಖಾಕಿ ಕೇಳಿದವನಿಗೆ ನೀಲಿ ಶರ್ಟು ಸಿಕ್ಕಿತು. ಹೀಗೆಲ್ಲ ಆದ ಮೇಲೆ "ನಿಮ್ಮವರಿಗೆ ದುಬೈ ಇದೆ" ಅಂದರೆ ಏನು ಹೇಳುವುದು?

ನಾನು ಹಾಕುವುದು ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗೆ. ಪಿಯುಸಿ ಸಾಕು, ನನಗೆ ಡಿಗ್ರಿಯೇ ಇದೆ. ವಯಸ್ಸಿನ ಮಿತಿ ಉಂಟು, ಸಾಮಾನ್ಯ ವರ್ಗಕ್ಕಿಂತ ನಮ್ಮಂಥ ಹಿಂದುಳಿದ ವರ್ಗದವರಿಗೆ ಸ್ವಲ್ಪ ಜಾಸ್ತಿ. ಸರ್ಕಾರ ಆಗಾಗ ಒಂದು ಸಲಕ್ಕೆ ಅಂತ ಸಡಿಲ ಮಾಡುತ್ತದೆ, ಆ ಸಲ ಯಾವಾಗ ಬರುತ್ತದೆ ಅಂತ ಕಾದು ಕೂರುವವರೇ ಒಂದು ಬಸ್ ತುಂಬ ಇದ್ದಾರೆ. ಲಿಖಿತ ಪರೀಕ್ಷೆ 100 ಅಂಕ, ಒಂದೂವರೆ ಗಂಟೆ. ಒಂದು ತಪ್ಪಿಗೆ ಕಾಲು ಅಂಕ ಕಟ್. ಗೊತ್ತಿಲ್ಲದ್ದಕ್ಕೆ ಸುಮ್ನೆ ಗೀಚಿ ಬರುವ ಹಾಗಿಲ್ಲ. ಸಿಂಧೂ ನಾಗರಿಕತೆ, ಸಂವಿಧಾನದ ವಿಧಿಗಳು, ಮಾನಸಿಕ ಸಾಮರ್ಥ್ಯ, ಎಲ್ಲ ಮಾಮೂಲಿ. ಕನ್ನಡದಲ್ಲಿ ಬರೆಯುತ್ತೀಯಾ ಅಂತ ಕೇಳಿದೆಯಲ್ಲ, ಹಾಸ್ಟೆಲಿನಲ್ಲಿ ನಿನ್ನ ಅಸೈನ್‌ಮೆಂಟಿನ ಒತ್ತಕ್ಷರ ತಿದ್ದಿದ್ದು ಯಾರು?

ಲಿಖಿತ ಪಾಸಾದರೆ ಮೈದಾನ. ಹೆಣ್ಣುಮಕ್ಕಳಿಗೆ ಎತ್ತರ 157 ಸೆಂಟಿಮೀಟರ್, ತೂಕ 45 ಕೆಜಿ. 400 ಮೀಟರ್ ಎರಡು ನಿಮಿಷದೊಳಗೆ. ಉದ್ದ ಜಿಗಿತ ಎರಡೂವರೆ ಮೀಟರ್ ಇಲ್ಲವೇ ಎತ್ತರ ಜಿಗಿತ 90 ಸೆಂಟಿಮೀಟರ್. 4 ಕೆಜಿ ಗುಂಡು 3.75 ಮೀಟರ್ ಎಸೆಯಬೇಕು. ಹುಡುಗರಿಗೆ 1600 ಮೀಟರ್ ಆರೂವರೆ ನಿಮಿಷದಲ್ಲಿ. ಇದರಲ್ಲಿ ಅಂಕ ಇಲ್ಲ, ಪಾಸು ಇಲ್ಲವೇ ಫೇಲು ಅಷ್ಟೆ. ಓಟದ ಬಗ್ಗೆ ನನಗೆ ಚಿಂತೆಯೂ ಇಲ್ಲ. ಸೋಮೇಶ್ವರದ ಸಮುದ್ರದ ಬದಿ ಹೊಯಿಗೆಯಲ್ಲಿ ಓಡಿ ಅಭ್ಯಾಸ ಆದವರಿಗೆ ಮಂಗಳಾ ಸ್ಟೇಡಿಯಂನ ಟ್ರ್ಯಾಕು ಅಂದರೆ ಕಾಲಿಗೆ ರಜೆ ಕೊಟ್ಟ ಹಾಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡುವುದಿಲ್ಲ, ಆಗ ಅಂಗಳದಲ್ಲಿ ಗುಂಡು ಎಸೆಯುವುದು. ಅಡಿಕೆ ಒಣಗಿಸುವ ಜಾಗದಲ್ಲಿ ಗುಂಡಿ ಬಿತ್ತು ಅಂತ ಅಪ್ಪನ ಕೈಲಿ ಬೈಸಿಕೊಂಡದ್ದೂ ಆಯಿತು.

ಇನ್ನು ಅಸಲು ಕಥೆ. ಕಾಗದ.

ನೇಮಕಾತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ. 25 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರ ತನಕದ ಓದಿನ ಲೆಕ್ಕ ಕೊಡಬೇಕು. ನಿಗದಿ ಮಾಡಿದ ನಮೂನೆ ಇರುತ್ತದೆ. ಶಾಲೆಯ ಮುಖ್ಯ ಶಿಕ್ಷಕರು ಸಹಿ ಮಾಡಬೇಕು, ಅದರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಮೇಲುರುಜು ಹಾಕಬೇಕು. ಅರ್ಜಿಯ ಕೊನೆಯ ದಿನದೊಳಗಿನ ತಾರೀಕು ಇರಬೇಕು. ನಿನ್ನಂಥವರಿಗೆ ಇದು ಒಂದು ಬೆಳಗ್ಗಿನ ಕೆಲಸ. ಶಾಲೆಗೆ ಹೋಗಿ ಸರ್‌ಗೆ ನಮಸ್ಕಾರ ಹೇಳಿ, ಬಿಇಒ ಆಫೀಸಿನಲ್ಲಿ ಸೀಲು ಹಾಕಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ.

ಕೇರಳದಲ್ಲಿ ಬಿಇಒ ಎಂಬ ಹುದ್ದೆಯೇ ಇಲ್ಲ ಮಾರಾಯ್ತಿ. ಅಲ್ಲಿ ಇರುವುದು ಸಹಾಯಕ ಶಿಕ್ಷಣಾಧಿಕಾರಿ, ಅಂದರೆ ಎಇಒ. ತಾಲೂಕಿನ ಬದಲು ಉಪಜಿಲ್ಲೆ. ಕೆಲಸ ಒಂದೇ, ಕುರ್ಚಿಯೂ ಅಂಥದ್ದೇ. ಆದರೆ ಸೀಲಿನಲ್ಲಿ ಒಂದು ಅಕ್ಷರ ಬೇರೆ. ಆ ಒಂದು ಅಕ್ಷರದಿಂದ ನಾನು ಬಸ್ಸಿಗೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೆಯ ಜೊತೆ ರನ್ನಿಂಗ್ ಶೂ ಬರುತ್ತಿತ್ತು.

ಶಾಲೆಯಿಂದಲೇ ಶುರು ಮಾಡುತ್ತೇನೆ. ನನಗೆ ಕಲಿಸಿದ ಮಾಷ್ಟ್ರು ರಿಟೈರ್ ಆಗಿದ್ದಾರೆ. ಈಗ ಚಾರ್ಜಿನಲ್ಲಿ ಇರುವ ಟೀಚರಿಗೆ ಕನ್ನಡ ಓದಲು ಬರುವುದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಗೊತ್ತಿಲ್ಲದವರನ್ನು ಹಾಕುತ್ತಾರೆ ಅಂತ ಮಕ್ಕಳು, ಅಪ್ಪ ಅಮ್ಮಂದಿರು ಎಷ್ಟೋ ಸಲ ಗೇಟಿನಲ್ಲಿ ಕೂತು ಪ್ರತಿಭಟನೆ ಮಾಡಿದ್ದು ಪೇಪರಿನಲ್ಲಿ ಬಂದಿತ್ತು, ನೀನು ಓದಿರಲಿಕ್ಕಿಲ್ಲ. ಒಳ್ಳೆಯ ಹೆಂಗಸು ಆಕೆ. ಕುರ್ಚಿ ಕೊಟ್ಟು ಕೂರಿಸಿ, "ಓದಿ ಹೇಳು ಮೋಳೇ, ಗೊತ್ತಿಲ್ಲದ್ದಕ್ಕೆ ಸಹಿ ಹಾಕಲಿಕ್ಕೆ ಆಗುವುದಿಲ್ಲ" ಅಂತ ಮಲಯಾಳದಲ್ಲಿ ಹೇಳಿದರು. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಮಲಯಾಳದಲ್ಲಿ ಹೇಳಿದೆ. "ಈ ಅಭ್ಯರ್ಥಿಯು ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿರುತ್ತಾರೆಂದು ದೃಢೀಕರಿಸಲಾಗಿದೆ" ಎಂಬ ಸಾಲು ಬರುವಾಗ ಇಬ್ಬರಿಗೂ ನಗು ತಡೆಯಲಿಲ್ಲ. ನಾನು ಕನ್ನಡದಲ್ಲಿ ಕಲಿತವಳು ಅಂತ ಕನ್ನಡ ಬಾರದವರು ದೃಢೀಕರಿಸಬೇಕು, ಅದನ್ನು ನಾನೇ ಮಲಯಾಳದಲ್ಲಿ ವಿವರಿಸಬೇಕು. ಹಳೆಯ ಅಡ್ಮಿಷನ್ ರಿಜಿಸ್ಟರ್ ತೆಗೆಸಿ, ನನ್ನ ಹೆಸರಿನ ಮೇಲೆ ಸ್ಕೇಲು ಇಟ್ಟು ಪೂರ್ತಿ ಸಾಲು ನೋಡಿಯೇ ಸಹಿ ಹಾಕಿದರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಆಕೆಯನ್ನು ಅಲ್ಲಿಗೆ ಹಾಕಿದ ವ್ಯವಸ್ಥೆಯ ಮೇಲೆ ಇದೆ.

ಆಮೇಲೆ ಎಇಒ. ಅಲ್ಲಿ ತಕರಾರಿಲ್ಲ, ಆದರೆ ದಿನ ನೋಡಿ ಹೋಗಬೇಕು. ನಮಗೆ ದಸರಾ ರಜೆ, ಅವರಿಗೆ ಓಣಂ ರಜೆ. ಅದರ ನಡುವೆ ಒಂದು ಹರತಾಳ ಬಿದ್ದರೆ ಮುಗಿಯಿತು. ಸೀಲು ಬಿತ್ತು, ಇಂಗ್ಲಿಷಿನಲ್ಲೂ ಮಲಯಾಳದಲ್ಲೂ, ಉರುಟಾಗಿ, ನೇರಳೆ ಬಣ್ಣದಲ್ಲಿ.

ಅದನ್ನು ಹಿಡಿದುಕೊಂಡು ಈಚೆಯ ಒಂದು ಆಫೀಸಿಗೆ ಬಂದೆ, ಸರಿ ಇದೆಯಾ ಅಂತ ಮೊದಲೇ ಕೇಳಿಬಿಡುವ ಅಂತ. ಕೌಂಟರಿನವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇನಮ್ಮಾ, ಎಇಒ? ಇಲ್ಲಿ ಬಿಇಒ ಅಂತ ಪ್ರಿಂಟ್ ಆಗಿದೆ ನೋಡಿ." ನಾನು ವಿವರಿಸಿದೆ. "ಹಾಗಾದರೆ ನೀವು ಕೇರಳದವರಾ?" ಅಲ್ಲ ಸರ್, ತಲಪಾಡಿ. "ಮತ್ತೆ ಶಾಲೆ ಯಾಕೆ ಅಲ್ಲಿ?" ಅಜ್ಜಿ ಮನೆ ಸರ್. ಅವರು ಪಕ್ಕದ ಟೇಬಲಿನವರಿಗೆ ಕೊಟ್ಟರು. ಅವರು ಆಗುತ್ತದೆ ಅಂದರು. ಒಳಗಿನವರು ಆಗುವುದಿಲ್ಲ ಅಂದರು. ಕೊನೆಗೆ ಮೂವರೂ ಸೇರಿ, ವೆರಿಫಿಕೇಶನ್ ಮಾಡುವವರು ನೋಡಿಕೊಳ್ಳುತ್ತಾರೆ ಅಂತ ತೀರ್ಪು ಕೊಟ್ಟರು. ವೆರಿಫಿಕೇಶನ್ನಿನಲ್ಲಿ ತಿರಸ್ಕಾರ ಆದರೆ ಆಮೇಲೆ ಯಾರನ್ನು ಕೇಳುವುದು, ಅದನ್ನು ಯಾರೂ ಹೇಳಲಿಲ್ಲ.

ಗ್ರಾಮೀಣದ್ದು ಇನ್ನೂ ತಮಾಷೆ. "ಉಪ್ಪಳ ತಾಲೂಕು ಕೇಂದ್ರ ಅಲ್ವಾ? ಅದು ಹೇಗೆ ಹಳ್ಳಿ ಆಗುತ್ತದೆ?" ಅಂತ ಕೇಳಿದರು. ಸರ್, ಮಂಜೇಶ್ವರ ತಾಲೂಕಿನ ಕಚೇರಿ ಇರುವುದು ಉಪ್ಪಳದಲ್ಲಿ, ನಿಜ. ಆದರೆ ಉಪ್ಪಳ ಇರುವುದು ಮಂಗಲ್ಪಾಡಿ ಗ್ರಾಮ ಪಂಚಾಯಿತಿಯಲ್ಲಿ. ಕೇರಳದ ಪಂಚಾಯಿತಿ ನಮ್ಮ ಹೋಬಳಿಯಷ್ಟು ದೊಡ್ಡದು. ಅಲ್ಲಿ ಮಾಲ್ ಇದ್ದರೂ ಗ್ರಾಮವೇ. "ನಮಗೆ ಅದೆಲ್ಲ ಗೊತ್ತಾಗುವುದಿಲ್ಲಮ್ಮ." ಗೊತ್ತಾಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಗಡಿಯಿಂದ ಇಷ್ಟು ಹತ್ತಿರದ ಆಫೀಸಿನಲ್ಲಿ ಕೂತವರಿಗೂ ಗೊತ್ತಾಗದಿದ್ದರೆ ಬೆಂಗಳೂರಿನವರಿಗೆ ಗೊತ್ತಾಗಬೇಕಾ?

ನನಗೆ ಉರಿಯುವುದು ಇಲ್ಲೇ. ರಾಜ್ಯೋತ್ಸವ ಬಂದರೆ "ಗಡಿನಾಡ ಕನ್ನಡಿಗರು ನಮ್ಮವರು" ಅಂತ ಭಾಷಣ, ಶಾಲು, ಹಾರ. ಕಾಸರಗೋಡು ನಮ್ಮದು ಅಂತ ಘೋಷಣೆ. ಅದೇ ಕಾಸರಗೋಡಿನ ಕನ್ನಡ ಶಾಲೆಯ ಕಾಗದ ತೆಗೆದುಕೊಂಡು ಬಂದರೆ ಸೀಲು ಯಾಕೆ ಹೀಗಿದೆ ಅಂತ ಪ್ರಶ್ನೆ. ನೆಲ ಬೇಕಂತೆ, ಅಲ್ಲಿನ ಸೀಲು ಬೇಡವಂತೆ.

ಇನ್ನೊಂದು ಹೇಳುತ್ತೇನೆ, ಇದು ದೂರಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿದರು. ಒಳರಸ್ತೆಗಳಿಗೆ ಮಣ್ಣು ಸುರಿದರು. ಅಜ್ಜಿ ಆಚೆ, ನಾವು ಈಚೆ. ಕಾಸರಗೋಡಿನವರಿಗೆ ಆಸ್ಪತ್ರೆ ಅಂದರೆ ಮಂಗಳೂರೇ. ಆಂಬುಲೆನ್ಸ್ ಬಂದು ಗೇಟಿನಲ್ಲಿ ನಿಲ್ಲುತ್ತಿತ್ತು. ಡ್ಯೂಟಿಯಲ್ಲಿ ಇದ್ದವರಲ್ಲಿ ಒಬ್ಬರು ಬಾಗಲಕೋಟೆ ಕಡೆಯವರು. ಪಾಪ, ಬಿಸಿಲಿಗೆ ಮುಖ ಸುಟ್ಟಿತ್ತು. ಆಚೆಯಿಂದ ಒಬ್ಬ ಅಜ್ಜ ಬ್ಯಾರಿ ಭಾಷೆಯಲ್ಲಿ ಏನೋ ಕೂಗುತ್ತಿದ್ದರು. ಇವರು ಕನ್ನಡದಲ್ಲಿ "ಹಿಂದ ಸರೀರಿ, ಹಿಂದ ಸರೀರಿ" ಅನ್ನುತ್ತಿದ್ದರು. ಅಜ್ಜ ಕೇಳುತ್ತಿದ್ದದ್ದು ಡಯಾಲಿಸಿಸ್‌ಗೆ ಹೋಗುವವರಿಗೆ ಏನು ದಾರಿ ಅಂತ. ನಾನು ಹಾಲು ತರಲು ಹೋದವಳು ನಿಂತು ಹೇಳಿದೆ, ಅವರಿಂದ ಇವರಿಗೆ, ಇವರಿಂದ ಅವರಿಗೆ. ಆ ದಿನ ಅಜ್ಜನಿಗೆ ದಾರಿ ಸಿಗಲಿಲ್ಲ. ಆದರೆ ಇಬ್ಬರೂ ಕೂಗಾಡುವುದು ನಿಲ್ಲಿಸಿದರು. ನನಗೆ ತುಳು, ಕನ್ನಡ, ಮಲಯಾಳ ಚೆನ್ನಾಗಿ ಬರುತ್ತದೆ. ಬ್ಯಾರಿ ಅರ್ಥ ಆಗುತ್ತದೆ, ಕೊಂಕಣಿ ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು. ಇಷ್ಟಕ್ಕೂ ಆಯ್ಕೆ ಪಟ್ಟಿಯಲ್ಲಿ ಒಂದೇ ಒಂದು ಅಂಕ ಇಲ್ಲ. ಸ್ಥಳೀಯ ಭಾಷೆಗಳು ಗೊತ್ತಿದ್ದವರಿಗೆ ಇಲ್ಲಿ ಒಂದೆರಡು ಅಂಕ ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಆ ಬಾಗಲಕೋಟೆಯವರನ್ನು ನಾನು ಹೊರಗಿನವರು ಅನ್ನುವುದಿಲ್ಲ ಮತ್ತೆ. ಸಿವಿಲ್ ಹುದ್ದೆ ಘಟಕದ ಲೆಕ್ಕದಲ್ಲಿ ಕರೆಯುತ್ತಾರೆ. ಮಂಗಳೂರು ನಗರ, ದಕ್ಷಿಣ ಕನ್ನಡ, ಉಡುಪಿ, ಹೀಗೆ ಯಾವುದಾದರೂ ಒಂದಕ್ಕೆ ಹಾಕಬೇಕು. ಇಲ್ಲಿನವರು ಹಾಕದಿದ್ದರೆ ಅಲ್ಲಿನವರು ಬರುತ್ತಾರೆ, ಬರಲಿ. ಊರು ಬಿಟ್ಟು ಬಂದು ಈ ಮಳೆಯಲ್ಲಿ, ಈ ಕುಚ್ಚಲಕ್ಕಿ ಊಟದಲ್ಲಿ ಹೆಣಗುತ್ತಾರೆ. ಈಗ ಅವರಲ್ಲಿ ಎಷ್ಟೋ ಜನ ನಿನಗಿಂತ ಚೆನ್ನಾಗಿ ತುಳು ಮಾತಾಡುತ್ತಾರೆ. ನಾಲ್ಕು ವರ್ಷ ನನ್ನ ರೂಮಿನಲ್ಲಿದ್ದು ನೀನು ಕಲಿತದ್ದು "ಬಲೆ" ಮತ್ತು "ಪೋಯಿ" ಮಾತ್ರ.

ಈ ಸಲದ ಅರ್ಜಿಯ ಮುಂದೆ ಈಗ ಕೂತಿದ್ದೇನೆ. "ಕನ್ನಡ ಮಾಧ್ಯಮ ಮೀಸಲಾತಿ ಕೋರುತ್ತೀರಾ?" ಅಂತ ಇದೆ, ಹೌದು ಅಥವಾ ಇಲ್ಲ. ಇಲ್ಲ ಒತ್ತಿದರೆ ತಲೆಬಿಸಿ ಇಲ್ಲ, ಆಮೇಲೆ ಕೇಳಲಿಕ್ಕೂ ಆಗುವುದಿಲ್ಲ. ಹೌದು ಒತ್ತಿದರೆ ಮತ್ತೆ ಸೀಲಿನ ಪಂಚಾಯಿತಿ. ಕೋಚಿಂಗಿನವರು ಬಿಟ್ಟುಬಿಡು ಅಂದರು. ಅಮ್ಮನೂ ಬಿಡು ಅಂದರು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಹತ್ತು ವರ್ಷ ಕನ್ನಡದಲ್ಲಿ ಕಲಿತು ಇಲ್ಲ ಅಂತ ಒತ್ತುವುದಾ? ಮತ್ತೆ ಎಂತಕ್ಕೆ ಕಳಿಸಿದ್ದು ನಿನ್ನನ್ನು?" ಅಂದರು.

ಹೌದು ಒತ್ತಿದ್ದೇನೆ. ಎಇಒ ಆಫೀಸಿನಲ್ಲಿ, ನಮ್ಮ ಹುದ್ದೆ ಕರ್ನಾಟಕದ ಬಿಇಒಗೆ ಸಮ ಅಂತ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ ಅಂತ ಕೇಳಿದ್ದೇನೆ. ಸೋಮವಾರ ಬರಲಿಕ್ಕೆ ಹೇಳಿದ್ದಾರೆ. ಬೆಳಗ್ಗಿನ ಕೇರಳ ಬಸ್ಸು ಹಿಡಿಯಬೇಕು, ಮೂಲ ಕಾಗದ ಮತ್ತು ಎರಡು ಸೆಟ್ ಜೆರಾಕ್ಸ್ ಫೈಲಿನಲ್ಲಿ ಹಾಕಿಟ್ಟಿದ್ದೇನೆ.