ಅಪ್ಪ ಸ್ಟ್ಯಾಂಡನ್ನು ತಕ್ಕಡಿ ಮೇಲಿಟ್ಟರು

ನೀವು ಕೇಳಿರುವುದು ಇಷ್ಟು: ನಿಮ್ಮ ಅಪ್ಪ 22 ವರ್ಷದಿಂದ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಯೂನಿಟ್ ನಡೆಸುತ್ತಿದ್ದಾರೆ, ಈಗ ನೀವೂ ಸೇರಿಕೊಂಡಿದ್ದೀರಿ, ಅಂಗಡಿಗಳಲ್ಲಿ ಇಡುವ ಡಿಸ್‌ಪ್ಲೇ ಸ್ಟ್ಯಾಂಡ್ ಕೂಡ ಶುರು ಮಾಡಿದರೆ ವ್ಯಾಪಾರ ಬೆಳೆಯುತ್ತದಾ, ಅದಕ್ಕೆ ಸಾಲ ಮಾಡಿ ಆಟೋಮ್ಯಾಟಿಕ್ ಲೈನ್, ಅಂದರೆ ಪೇಪರಿನಿಂದ ರಟ್ಟಿನ ಶೀಟನ್ನು ತಾನಾಗೇ ಮಾಡುವ ಮೆಷಿನ್ ಸಾಲು, ಹಾಕಬೇಕಾ.

ಬೆಳೆಯುತ್ತದೆ. ಲೈನ್ ಮಾತ್ರ ಈಗಲೇ ಬೇಡ. ಯಾಕೆ ಅಂತ ನಮ್ಮ ಮನೆಯ ಕಥೆಯಲ್ಲೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಅಪ್ಪ ಶುರು ಮಾಡಿದ್ದು 1994ರಲ್ಲಿ, ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಬಾಡಿಗೆ ಶೆಡ್‌ನಲ್ಲಿ. ಪೇಪರನ್ನು ಅಲೆ ಅಲೆಯಾಗಿ ಮಾಡುವ ಸೆಕೆಂಡ್ ಹ್ಯಾಂಡ್ ಕರೊಗೇಶನ್ ಮೆಷಿನ್ ಒಂದು, ಪಿನ್ ಹೊಡೆಯುವ ಸ್ಟಿಚಿಂಗ್ ಮೆಷಿನ್ ಒಂದು, ಉಳಿದದ್ದೆಲ್ಲ ಕೈಕೆಲಸ. ಅಗರಬತ್ತಿ ಮಾಡುವವರಿಗೆ ಹೊರಗಿನ ಪೆಟ್ಟಿಗೆ ಕೊಡುತ್ತಿದ್ದೆವು. ಕಾಯಿಸಿದ ಸ್ಟಾರ್ಚ್ ಗಮ್ಮಿನ ವಾಸನೆ ಅಪ್ಪನ ಷರ್ಟಿನಲ್ಲಿ ಭಾನುವಾರವೂ ಇರುತ್ತಿತ್ತು.

ಈ ವ್ಯಾಪಾರದ ಲೆಕ್ಕ ನಿಮಗೆ ಗೊತ್ತೇ ಇದೆ. ಉದ್ದ, ಅಗಲ, ಪೇಪರಿನ ಜಿಎಸ್‌ಎಂ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ), ಮಧ್ಯದ ಅಲೆ ಪದರಕ್ಕೆ ಒಂದೂವರೆ ಪಟ್ಟು, ಅದರ ಮೇಲೆ ವೇಸ್ಟೇಜು, ಕೊನೆಗೆ ಕಿಲೋಗೆ ಇಷ್ಟು ಅಂತ ಕನ್ವರ್ಷನ್, ಅಂದರೆ ಪೆಟ್ಟಿಗೆ ಮಾಡುವ ಕೂಲಿ. ತೊಂದರೆ ಏನೆಂದರೆ ಈ ಲೆಕ್ಕವನ್ನು ಪಕ್ಕದ ಶೆಡ್‌ನವರೂ ಹಾಕುತ್ತಾರೆ, ಗಿರಾಕಿಯ ಪರ್ಚೇಸ್ ಮ್ಯಾನೇಜರೂ ಹಾಕುತ್ತಾನೆ. ಕಿಲೋಗೆ 50 ಪೈಸೆ ಕಡಿಮೆ ಹೇಳಿದವನಿಗೆ ಆರ್ಡರ್. ಹೋಗಲಿ, ದೂರದ ಊರಿಗೆ ಕಳಿಸೋಣ ಅಂದರೆ ಲಾರಿ ಬಾಡಿಗೆಯೇ ಲಾಭ ತಿನ್ನುತ್ತದೆ. ಮಡಚಿ ಕಟ್ಟಿದರೂ ಜಾಗ ಜಾಸ್ತಿ, ಬೆಲೆ ಕಡಿಮೆ. ಅದಕ್ಕೇ ಪೆಟ್ಟಿಗೆ ಫ್ಯಾಕ್ಟರಿಗಳು ಗಿರಾಕಿಯ ಹತ್ತಿರವೇ ಇರುತ್ತವೆ. ನಮ್ಮದೂ ಹಾಗೇ, ಸುಮಾರು 20 ವರ್ಷ ಒಂದೇ ಅಳತೆಯಲ್ಲಿ ನಡೆಯಿತು. ಊಟಕ್ಕೆ ಕೊರತೆ ಇರಲಿಲ್ಲ, ಬೆಳವಣಿಗೆಯೂ ಇರಲಿಲ್ಲ.

ಬದಲಾಗಿದ್ದು 2013ರಲ್ಲಿ, ತಂಗಿ ಬಂದ ಮೇಲೆ. ಅವಳು ಚಿತ್ರಕಲಾ ಪರಿಷತ್ತಿನಲ್ಲಿ ಓದಿದವಳು. ಕುರುಕಲು ತಿಂಡಿ ಮಾಡುವ ನಮ್ಮ ಹಳೇ ಗಿರಾಕಿಯೊಬ್ಬರು "ಅಂಗಡಿ ಕೌಂಟರ್ ಮೇಲೆ ಪ್ಯಾಕೆಟ್ ನಿಲ್ಲಿಸೋಕೆ ಏನಾದ್ರೂ ಮಾಡ್ಕೊಡಿ" ಅಂದಿದ್ದರು. ತಂಗಿ ಕಟರ್ ಬ್ಲೇಡ್ ಹಿಡಿದು ಎರಡು ರಾತ್ರಿ ಕೂತು, ಮೂರು ಮೆಟ್ಟಿಲಿನ ಒಂದು ಪುಟ್ಟ ಸ್ಟ್ಯಾಂಡ್ ಮಾಡಿದಳು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ತಕ್ಕಡಿ ಮೇಲಿಟ್ಟರು!

640 ಗ್ರಾಂ ಬಂತು. "28 ರೂಪಾಯಿ. ಪ್ರಿಂಟಿಂಗ್ ಸೇರಿಸಿದ್ರೆ 40 ಹೇಳಮ್ಮ" ಅಂದರು.

ತಂಗಿ 85 ಅಂತ ಬರೆದು ಕಳಿಸಿದಳು. ಅಪ್ಪ ಇಡೀ ದಿನ ಅವಳ ಜೊತೆ ಮಾತಾಡಲಿಲ್ಲ. ಗಿರಾಕಿ ಮಾತ್ರ ರೇಟಿನ ಬಗ್ಗೆ ಒಂದು ಮಾತೂ ಎತ್ತದೆ "1000 ಬೇಕು, ಹಬ್ಬಕ್ಕೆ ಮುಂಚೆ ಆಗುತ್ತಾ?" ಅಂತ ಕೇಳಿದರು.

ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇಲ್ಲೇ ಇದೆ. ಪೆಟ್ಟಿಗೆಗೆ ಹಣ ಬರುವುದು ಗೋದಾಮಿನ ಖಾತೆಯಿಂದ, ಅದು ಅವರಿಗೆ ಖರ್ಚು. ಸ್ಟ್ಯಾಂಡಿಗೆ ಹಣ ಬರುವುದು ಮಾರ್ಕೆಟಿಂಗ್ ಖಾತೆಯಿಂದ. ಅಲ್ಲಿ ಕೂತವರು ಕಿಲೋ ಕೇಳುವುದಿಲ್ಲ, ಇದರಿಂದ ಎಷ್ಟು ಪ್ಯಾಕೆಟ್ ಜಾಸ್ತಿ ಹೋಗುತ್ತದೆ ಅಂತ ಕೇಳುತ್ತಾರೆ. ಅದೇ ಪೇಪರು, ಅದೇ ಗಮ್ಮು, ಆದರೆ ಮಾತಾಡಬೇಕಾದ ಮನುಷ್ಯನೇ ಬೇರೆ. ಹಳೇ ಪರ್ಚೇಸ್ ಮ್ಯಾನೇಜರ್ ಹತ್ತಿರವೇ ಸ್ಟ್ಯಾಂಡ್ ಮಾರಲು ಹೋದರೆ ಅವರೂ ತಕ್ಕಡಿ ತರುತ್ತಾರೆ, ಅಷ್ಟೇ.

ಆಮೇಲೆ ಸರ್ಕಾರದ ಒಂದು ಆದೇಶವೂ ಕೈ ಹಿಡಿಯಿತು. 2016ರ ಮಾರ್ಚ್‌ನಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸು, ಬ್ಯಾನರುಗಳನ್ನೂ ನಿಷೇಧ ಮಾಡಿದರು. ಜಾರಿ ಹೇಗಿತ್ತು ಅಂತ ನಮಗೆಲ್ಲ ಗೊತ್ತು, ಬಿಡಿ. ಆದರೂ "ಪೇಪರಿನಲ್ಲೇ ಏನಾದರೂ ಇದೆಯಾ" ಅಂತ ಕೇಳುವವರು ಹುಟ್ಟಿಕೊಂಡರು.

ಈಗ ನಾವು ಮುಗ್ಗರಿಸಿದ ಕಥೆ. 2015ರ ಮೇ ಕೊನೆಯಲ್ಲಿ ಮಂಗಳೂರು ಕಡೆಗೆ 150 ಸ್ಟ್ಯಾಂಡ್ ಕಳಿಸಿದೆವು, ಎದೆ ಎತ್ತರದ್ದು, ನೆಲದ ಮೇಲೆ ನಿಲ್ಲುವಂಥದ್ದು. ನಮ್ಮ ಶೆಡ್‌ನಲ್ಲಿ ಅದರ ಮೇಲೆ 40 ಕಿಲೋ ಇಟ್ಟು ನೋಡಿದ್ದೆವು, ಏನೂ ಆಗಿರಲಿಲ್ಲ. ಜೂನ್ ಎರಡನೇ ವಾರದಿಂದ ಫೋಟೋ ಬರಲು ಶುರು. ಒಂದು ಸ್ಟ್ಯಾಂಡ್ ಎಡಕ್ಕೆ ವಾಲಿದೆ, ಇನ್ನೊಂದು ಮಂಡಿ ಊರಿ ಕೂತಿದೆ. ರಾತ್ರಿ ಬಸ್ ಹತ್ತಿ ಹೋಗಿ ನೋಡಿದರೆ ಕಾರಣ ಎರಡು. ಮಳೆಗಾಲದ ಗಾಳಿಯ ತೇವವನ್ನು ಪೇಪರು ಎಳೆದುಕೊಳ್ಳುತ್ತದೆ, ತೇವ ತುಂಬಾ ಜಾಸ್ತಿ ಇದ್ದಾಗ ಭಾರ ಹೊರುವ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಓದಿ ತಿಳಿದಿದ್ದೆವು. ಓದಿ ತಿಳಿಯದೇ ಇದ್ದದ್ದು ಎರಡನೆಯದು: ಅಂಗಡಿಯವರು ದಿನಾ ಬೆಳಿಗ್ಗೆ ನೆಲ ಒರೆಸುತ್ತಾರೆ. ಒದ್ದೆ ಮಾಪು ದಿನಾ ಬಂದು ಸ್ಟ್ಯಾಂಡಿನ ಬುಡಕ್ಕೆ ತಾಗುತ್ತದೆ. ಹತ್ತು ದಿನಕ್ಕೆ ಬುಡ ಹಪ್ಪಳ.

150ನ್ನೂ ನಮ್ಮ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆವು. ಆ ವರ್ಷದ ಲಾಭ ಅಲ್ಲಿಗೇ ಹೋಯಿತು. ಆಮೇಲೆ ತಂಗಿ ಒಂದು ನಿಯಮ ಮಾಡಿದಳು, ಡ್ರಾಯಿಂಗ್ ಹಾಕುವ ಮೊದಲು ಆ ಸ್ಟ್ಯಾಂಡ್ ಹೋಗುವಂಥ ಅಂಗಡಿಯಲ್ಲಿ ಎರಡು ಗಂಟೆ ನಿಲ್ಲಬೇಕು. ನಾನೂ ನಿಂತಿದ್ದೇನೆ, ಅಪ್ಪನೂ ನಿಂತಿದ್ದಾರೆ. ಹಾಗೆ ನಿಂತು ಕಲಿತದ್ದು ಯಾವ ಮೆಷಿನ್ ಕಂಪನಿಯವರೂ ಹೇಳಿಕೊಡುವುದಿಲ್ಲ. ನಮ್ಮ ಕಿರಾಣಿ ಅಂಗಡಿಗಳಲ್ಲಿ ನೆಲದ ಮೇಲೆ ಜಾಗವೇ ಇಲ್ಲ, ಅಕ್ಕಿ ಮೂಟೆ ಇಡಲೇ ಸಾಲದು, ಅಲ್ಲಿ ನಡೆಯುವುದು ಕೌಂಟರ್ ಮೇಲೆ ಇಡುವಂಥದ್ದು ಮತ್ತು ಮೇಲಿಂದ ನೇತು ಹಾಕುವಂಥದ್ದು. ದೊಡ್ಡ ಸ್ಟ್ಯಾಂಡ್ ಏನಿದ್ದರೂ ಸೂಪರ್‌ಮಾರ್ಕೆಟ್‌ಗೆ. ಇನ್ನೊಂದು, ಅದನ್ನು ಜೋಡಿಸುವವನು ಅಂಗಡಿ ಹುಡುಗ. ನೀವು ಒಳಗೆ ಹಾಕಿದ ಸೂಚನೆ ಚೀಟಿ ಅವನು ಓದುವುದಿಲ್ಲ. ಮೂರು ನಿಮಿಷದಲ್ಲಿ ನಿಲ್ಲದಿದ್ದರೆ ಅದು ಹಿಂದಿನ ರೂಮಿಗೆ ಹೋಗಿ ಎಣ್ಣೆ ಡಬ್ಬದ ಕೆಳಗೆ ಹಾಸುವ ರಟ್ಟಾಗುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಈಗ ನಮ್ಮ ಎಲ್ಲ ಸ್ಟ್ಯಾಂಡಿನ ಬುಡಕ್ಕೂ ಎರಡು ಇಂಚಿನ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಭಾರ ಹೊರುವ ಕಡೆ ಫ್ಲೂಟ್ (ರಟ್ಟಿನ ಒಳಗಿನ ಅಲೆ) ನೆಟ್ಟಗೆ ನಿಲ್ಲುವ ಹಾಗೆ ಕಟಿಂಗ್ ಇರುತ್ತದೆ.

ಮೆಷಿನ್ ವಿಷಯ. ಆಟೋಮ್ಯಾಟಿಕ್ ಲೈನ್ ಅಂದರೆ ದಿನವಿಡೀ ಒಂದೇ ಸಮನೆ ಪೇಪರ್ ನುಂಗುವ ಹೊಟ್ಟೆ. ಸ್ಟ್ಯಾಂಡ್ ಆರ್ಡರು 300, 500, 2000 ಹೀಗೆ ಬರುತ್ತದೆ. ಆ ಹೊಟ್ಟೆ ತುಂಬಿಸಲು ನೀವು ಮತ್ತೆ ಕಿಲೋ ಲೆಕ್ಕದ ಪೆಟ್ಟಿಗೆ ಆರ್ಡರ್‌ಗಳ ಹಿಂದೆ ಓಡಬೇಕಾಗುತ್ತದೆ. ನಾವು ಮೊದಲು ತಗೊಂಡದ್ದು ಡೈ, ಅಂದರೆ ಕತ್ತರಿಸುವ ಅಚ್ಚು, ಇಲ್ಲದೆ ಸ್ಯಾಂಪಲ್ ಕತ್ತರಿಸುವ ಟೇಬಲ್. ಬೆಳಿಗ್ಗೆ ಮಾತಾಡಿದ ಗಿರಾಕಿಗೆ ಸಂಜೆಗೆ ಪ್ರಿಂಟ್ ಇಲ್ಲದ ಬಿಳಿ ಸ್ಯಾಂಪಲ್ ಕೈಯಲ್ಲಿಟ್ಟರೆ ಅರ್ಧ ಆರ್ಡರ್ ಬಂದಂತೆಯೇ. ಪ್ರಿಂಟಿಂಗ್ ಹೊರಗಿನದು, ದೊಡ್ಡ ಸಂಖ್ಯೆ ಇದ್ದರೆ ಶಿವಕಾಶಿಯಿಂದ. ಶೀಟನ್ನು ಕೂಡ ಲೈನ್ ಇರುವವರಿಂದಲೇ ಕೊಳ್ಳುತ್ತೇವೆ. ಅವರಿಗೆ ಲೈನ್ ಓಡಿಸುವ ಚಿಂತೆ, ನಮಗೆ ಇಲ್ಲ. ಅಪ್ಪನಿಗೆ ಇದು ಬಹಳ ದಿನ ಕಷ್ಟವಾಯಿತು. "ಪೆಟ್ಟಿಗೆಯವನು ಶೀಟ್ ಕೊಂಡುಕೊಳ್ಳೋದಾ?" ಅನ್ನುತ್ತಿದ್ದರು.

ಹಣದ ವಿಷಯಕ್ಕೆ ಬರುತ್ತೇನೆ, ಹೆಚ್ಚಿನವರು ಬೀಳುವುದು ಇಲ್ಲೇ. ಪೇಪರ್ ಕೊಡುವವರಿಗೆ 15 ದಿನ, ಹೆಚ್ಚೆಂದರೆ 30 ದಿನದಲ್ಲಿ ಹಣ ಕೊಡಬೇಕು. ದೊಡ್ಡ ಬ್ರ್ಯಾಂಡಿನವರು 90 ದಿನ ಕೇಳುತ್ತಾರೆ. ತಿಂಗಳಿಗೆ 20 ಲಕ್ಷದ ಮಾಲು ಕೊಟ್ಟರೆ 60 ಲಕ್ಷ ಹೊರಗೆ ಇರುತ್ತದೆ. ಆರ್ಡರ್ ಎರಡರಷ್ಟಾಯಿತು ಅಂತ ಮನೆಯಲ್ಲಿ ಪಾಯಸ ಮಾಡಿದ ತಿಂಗಳಲ್ಲೇ ನಮ್ಮ ಸಿಸಿ ಲಿಮಿಟ್ (ದಿನದ ವ್ಯವಹಾರಕ್ಕೆ ಬ್ಯಾಂಕ್ ಕೊಡುವ ಸಾಲದ ಮಿತಿ) ಮುಗಿದು ಹೋಗಿತ್ತು, 1 ಕೋಟಿ 20 ಲಕ್ಷ ಗಿರಾಕಿಗಳ ಹತ್ತಿರ, ಸಂಬಳಕ್ಕೆ ಅಮ್ಮನ ಬಳೆ ಬ್ಯಾಂಕಿನಲ್ಲಿ. ಅದರಲ್ಲೂ ದಸರಾ ದೀಪಾವಳಿಗೆ ಮುಂಚೆ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇಲ್ಲದಿದ್ದರೆ ಮೊದಲು ಮಾಡಿಸಿ. ಸಣ್ಣ ಉದ್ಯಮಗಳಿಗೆ, ಒಪ್ಪಂದದಲ್ಲಿ ಹೆಚ್ಚು ದಿನ ಬರೆದಿದ್ದರೂ, 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ಆ ಗಡುವು ದಾಟಿದ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸಬಹುದು ಅನ್ನುವ ನಿಯಮ ಬಂದ ಮೇಲೆ ಮಾರ್ಚ್ ತಿಂಗಳಲ್ಲಿ ಕೆಲವರು ತಾವಾಗಿಯೇ ಫೋನ್ ಮಾಡುತ್ತಾರೆ. ವಹಿವಾಟು 250 ಕೋಟಿ ದಾಟಿದ ಕಂಪನಿಗಳು ಟ್ರೆಡ್ಸ್ ವೇದಿಕೆಗೆ, ಅಂದರೆ ಸಣ್ಣ ಉದ್ಯಮಗಳ ಬಿಲ್‌ಗೆ ಬ್ಯಾಂಕುಗಳು ಮೊದಲೇ ಹಣ ಕೊಡುವ ಆನ್‌ಲೈನ್ ವ್ಯವಸ್ಥೆಗೆ, ಸೇರಲೇಬೇಕು. ನಿಮ್ಮ ಗಿರಾಕಿ ಅಂಥವರಾದರೆ ಬಿಲ್ ಅಲ್ಲಿ ಹಾಕಿಸಿ, ಬಡ್ಡಿ ಸ್ವಲ್ಪ ಹೋದರೂ ಹಣ ಬೇಗ ಬರುತ್ತದೆ.

ವರ್ಷ ಪೂರ್ತಿ ಒಂದೇ ರೇಟು ಅಂತ ಸಹಿ ಹಾಕಬೇಡಿ. 2021ರಿಂದ ಚೀನಾ ಹಳೇ ಪೇಪರ್ ಆಮದು ಪೂರ್ತಿ ನಿಲ್ಲಿಸಿತು, ನಮ್ಮ ಮಿಲ್ಲುಗಳು ಹಳೇ ಪೇಪರನ್ನು ಪಲ್ಪ್ ರೋಲ್ ಮಾಡಿ ಅಲ್ಲಿಗೇ ಕಳಿಸಲು ಶುರು ಮಾಡಿದವು, ಇಲ್ಲಿ ಪೆಟ್ಟಿಗೆ ಮಾಡುವ ಕಂದು ಪೇಪರು, ಅಂದರೆ ಕ್ರಾಫ್ಟ್ ಪೇಪರ್, ಅದರ ಬೆಲೆ ಪ್ರತಿ ವಾರ ಏರುತ್ತಿತ್ತು. ಹಳೇ ರೇಟಿಗೆ ಸಿಕ್ಕಿಹಾಕಿಕೊಂಡು ಎಂಟು ತಿಂಗಳು ನಷ್ಟದಲ್ಲೇ ಮಾಲು ಕೊಟ್ಟೆವು. ಈಗ ಪೇಪರ್ ಬೆಲೆ ಏರಿದರೆ ನಮ್ಮದೂ ಏರುತ್ತದೆ ಅಂತ ಕೊಟೇಶನ್‌ನಲ್ಲೇ ಬರೆಯುತ್ತೇವೆ.

ಜಿಎಸ್‌ಟಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪೆಟ್ಟಿಗೆಗೆ 2017ರಲ್ಲಿ 12% ಇತ್ತು, 2021ರ ಅಕ್ಟೋಬರ್‌ನಲ್ಲಿ 18 ಆಯಿತು, 2024ರ ಜುಲೈನಲ್ಲಿ ಮತ್ತೆ 12, 2025ರ ಸೆಪ್ಟೆಂಬರ್ 22ರಿಂದ 5. ಖುಷಿ ಪಡಬೇಡಿ, ಅದೇ ದಿನ ಕ್ರಾಫ್ಟ್ ಪೇಪರಿಗೆ 18 ಮಾಡಿದರು. ಕೊಳ್ಳುವಾಗ 18 ಕಟ್ಟಿ, ಮಾರುವಾಗ 5 ವಸೂಲಿ ಮಾಡಿ, ಉಳಿದದ್ದಕ್ಕೆ ರೀಫಂಡ್ ಅರ್ಜಿ ಹಾಕಿಕೊಂಡು ಕಾಯಬೇಕು. ಸ್ಟ್ಯಾಂಡು ಪೆಟ್ಟಿಗೆಯಲ್ಲ, ಅದರ ಎಚ್‌ಎಸ್‌ಎನ್ ಕೋಡ್, ಅಂದರೆ ತೆರಿಗೆಗಾಗಿ ಸರಕನ್ನು ಗುರುತಿಸುವ ಸಂಖ್ಯೆ, ಬೇರೆ ಆಗಬಹುದು. ಮೊದಲ ಬಿಲ್‌ಗೆ ಮುಂಚೆಯೇ ಆಡಿಟರ್ ಹತ್ತಿರ ಬರಹದಲ್ಲಿ ಕೇಳಿಕೊಳ್ಳಿ.

ಇನ್ನು ಮನೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಸ ಕೆಲಸ ಯಾರದ್ದೋ ಅದರ ರೇಟು ಹೇಳುವ ಹಕ್ಕೂ ಅವರದ್ದೇ ಆಗಿರಬೇಕು. ನಮ್ಮಲ್ಲಿ ತಂಗಿ 110 ಅಂದರೆ ಗಿರಾಕಿ ಸೀದಾ ಅಪ್ಪನಿಗೆ ಫೋನ್ ಮಾಡುತ್ತಿದ್ದರು, "ಸಾರ್, ನೀವು ಹಿರಿಯರು, ಸ್ವಲ್ಪ ನೋಡಿ ಹಾಕಿ." ಅಪ್ಪ ದಾಕ್ಷಿಣ್ಯಕ್ಕೆ 95 ಮಾಡಿಬಿಡುತ್ತಿದ್ದರು. ಎರಡು ವರ್ಷ ಮನೆಯಲ್ಲಿ ಇದೇ ಜಗಳ. ಮಂಗಳೂರಿನ ಅಂಗಡಿಗಳಿಗೆ ಅವಳ ಜೊತೆ ಒಂದು ವಾರ ಸುತ್ತಿ ಬಂದ ಮೇಲೆ ಒಂದು ದಿನ ಅಂಥದ್ದೇ ಫೋನ್ ಬಂತು. ಅಪ್ಪ "ಸ್ಟ್ಯಾಂಡ್ ರೇಟು ನನಗೆ ಗೊತ್ತಿಲ್ಲ ಸ್ವಾಮಿ, ಮೇಡಂ ಹತ್ತಿರ ಮಾತಾಡಿ" ಅಂತ ಫೋನನ್ನು ಅವಳ ಕೈಗೆ ಕೊಟ್ಟರು. 2019ರಲ್ಲಿ ದಾಬಸ್‌ಪೇಟೆ ಕಡೆ ದೊಡ್ಡ ಶೆಡ್‌ಗೆ ಹೋದದ್ದು ಅದರ ನಂತರವೇ.

ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಈಗಿನ ಗಿರಾಕಿಗಳಲ್ಲಿ ಅಂಗಡಿಗೆ ನೇರವಾಗಿ ಮಾಲು ಹಾಕುವವರು ಎಷ್ಟು ಜನ ಇದ್ದಾರೆ, ಅದನ್ನೂ ತಿಳಿಸಿ. ಅಂಥವರು ಇಬ್ಬರಿದ್ದರೂ ಸಾಕು, ಅವರಿಗೆ ಕೌಂಟರ್ ಸ್ಟ್ಯಾಂಡಿನಿಂದಲೇ ಶುರು ಮಾಡಬಹುದು. ಕರಾವಳಿಯಾದರೆ ಬುಡದ ಪಟ್ಟಿ ಎರಡು ಇಂಚು ಸಾಲದು, ಮೂರು ಹಾಕಿ.