ಮಾತಿನ ಕೆಳಗ ಬಾನ್ಸುರಿ ಬ್ಯಾಡ್ರಿ

ನಮಸ್ಕಾರ್ರಿ. ಬೆಟಗೇರಿ ನೇಕಾರರ ಮ್ಯಾಲ ಟಿವಿಗೆ ಮಾಡಿದ ಸಾಕ್ಷ್ಯಚಿತ್ರದಾಗ ಬಾನ್ಸುರಿ (ಕೊಳಲು) ಮಾತನ್ನ ನುಂಗತೈತಿ, ವಾಲ್ಯೂಮ್ ಇಳಿಸಿದ್ರ ಸಂಗೀತನ ಕೇಳಂಗಿಲ್ಲ ಅಂತ ಬರದೀರಿ. ತೊಂದರಿ ವಾಲ್ಯೂಮಿಂದಲ್ಲ, ವಾದ್ಯದ್ದು. ಬಾನ್ಸುರಿ, ಸಾರಂಗಿ ಎರಡೂ ಮನಷ್ಯಾನ ದನಿ ಹಂಗ ಸ್ವರಾ ಎಳೀತಾವ. ಎಷ್ಟ ಸಣ್ಣಗ ಇಟ್ರೂ ಕಿವಿ ಅತ್ತಾಗ ಹೊಕ್ಕೈತಿ.

ಮಾತಿದ್ದಲ್ಲಿ ತಂಬೂರಿ, ಸ್ವರಮಂಡಲ, ಸಿತಾರದ ಒಂದೊಂದ ಮೀಟು ಸಾಕು. ಭೀಮಪಲಾಸ ರಾಗ ತಗೊಂಡಿದ್ರ ಪೂರಾ ಪಕಡ್, ಅಂದ್ರ ರಾಗದ ಗುರ್ತು ಹೇಳೋ ಸ್ವರಗುಚ್ಛ, ನುಡಸಬ್ಯಾಡ್ರಿ. ಸಾ, ಕೋಮಲ ಗ, ಮ ಇಷ್ಟರಾಗ ನಿಲ್ಲಸ್ರಿ. ರಾಗದ ಚಲನ ಗುರ್ತು ಸಿಕ್ತಂದ್ರ ನಮ್ಮ ಧಾರವಾಡದ ಮಂದಿ ನೇಕಾರನ ಮಾತು ಬಿಟ್ಟು ರಾಗದ ಬೆನ್ನ ಹತ್ತತಾರ. ತಬಲಾ ತಗದ ಬಿಡ್ರಿ. ಮಗ್ಗಕ್ಕ ತನ್ನದ ಲಯ ಐತಿ, ಠೇಕಾ (ತಬಲಾದ ತಾಳದ ಬಡಿತ) ಅದಕ್ಕ ಕೂಡಂಗಿಲ್ಲ, ಎರಡೂ ಕೆಡತಾವ.

ಮಾತು, ಸಂಗೀತ ಕೂಡಸೋ ಮಿಕ್ಸಿನಾಗ ಸಂಗೀತದ ಟ್ರ್ಯಾಕಿಗೆ 2ರಿಂದ 4 ಕಿಲೋಹರ್ಟ್ಸ್ ನಡುವ 3–4 ಡೆಸಿಬೆಲ್ ಕಡಿಮಿ ಮಾಡ್ರಿ. ಮಾತಿನ ವ್ಯಂಜನ ಸ್ಪಷ್ಟ ಆಗೋದು ಅಲ್ಲೇ. ಮಾತಿಗಿಂತ ಸಂಗೀತ 15–20 ಡೆಸಿಬೆಲ್ ಕೆಳಗಿರ್ಲಿ. ಹೆಡ್‌ಫೋನಿನಾಗ ಛಲೋ ಕೇಳಿಸಿದ್ದು ಮನಿ ಟಿವಿಯ ಸಣ್ಣ ಸ್ಪೀಕರಿನಾಗ ಬ್ಯಾರೆನ ಆಗತೈತಿ, ತಂಬೂರಿಯ ಖರ್ಜ (ತಗ್ಗಿನ ಸ್ವರ) ಅಂತೂ ಮಾಯ ಆಗತೈತಿ. ಅದಕ್ಕ ಟಿವಿಗೆ ಹಚ್ಚಿ ಕೇಳದ ಕಳಸಬ್ಯಾಡ್ರಿ.

ಬಾನ್ಸುರಿ ಕೈಬಿಡೋದ ಬ್ಯಾಡ. ಮಗ್ಗ, ನೂಲು ಅಷ್ಟ ಕಾಣೋ, ಮಾತಿಲ್ಲದ ಶಾಟಿಗೆ ಇಡ್ರಿ. ಮಾತು ಶುರು ಆಗೂಕಿಂತ ಅರ್ಧ ಸೆಕೆಂಡ್ ಮೊದಲ ಸ್ವರ ಮುಗೀಬೇಕು. ಫೈಲು 48 ಕಿಲೋಹರ್ಟ್ಸ್, 24 ಬಿಟ್ ವೇವ್ (WAV), ಒಂದೊಂದು ವಾದ್ಯ ಬ್ಯಾರೆ ಬ್ಯಾರೆ ಕೊಡ್ರಿ. ಎಡಿಟರ್ ಸೀನ್ ಕತ್ತರಿಸಿದ್ರೂ ಸಿತಾರ ಒಂದನ್ನ ಸರಿಸಿ ಹೊಂದಸಬಹುದು.