ಘಾಟಿ ಇಳಿಯುವಾಗ ಸುಟ್ಟ ವಾಸನೆ, ಬ್ರೇಕ್ ಪೆಡಲ್ ಮೆತ್ತಗೆ: ಪ್ರತಿಕ್ರಿಯೆ

ಸಂಗಾತಿಯ ಜೊತೆ ಕಾರಿನಲ್ಲಿ ಘಾಟಿ ಇಳಿಯುವಾಗ ಹೀಗೇಕಾಯಿತು, ಮುಂದೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಬ್ರೇಕ್ ಆಯಿಲ್ ಕುದಿದು ಪೈಪಿನೊಳಗೆ ಗುಳ್ಳೆ ಎದ್ದಿರಬೇಕು. ಇಳಿಜಾರಿನ ಅರ್ಧದಲ್ಲಿ ವಾಸನೆ ಬಂತು, ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು ಅಂದಿದ್ದೀರಲ್ಲ, ಅದೇ ಗುರುತು. ಬರೀ ಬ್ರೇಕ್ ಪ್ಯಾಡ್ (ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಕಾದಿದ್ದರೆ ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ಲುತ್ತಿರಲಿಲ್ಲ. ಆಯಿಲ್ ಸೋರಿಕೆಯೂ ಇರಬಹುದು, ಹಾಗಾಗಿ ಚಕ್ರಗಳ ಒಳಬದಿ ಒದ್ದೆಯಿದೆಯೇ ನೋಡಿ. ಇದ್ದರೆ ಕಾರು ಓಡಿಸಲೇಬೇಡಿ.

ಮೊದಲು ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ಪೈಪಿನೊಳಗಿನ ಗಾಳಿ ತೆಗೆಸಿ. ಅದು ತೇವಾಂಶ ಹೀರುತ್ತದೆ: ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ ಮೇಲೆ 155 ಸಾಕು. ಪ್ಯಾಡ್ 3 ಮಿ.ಮೀ.ಗಿಂತ ತೆಳುವಾಗಿದ್ದರೆ ಅದನ್ನೂ ಹೊಸದು ಹಾಕಿಸಿ.

ಇಳಿಜಾರು ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ, ಆಟೋಮ್ಯಾಟಿಕ್ ಆದರೆ ಎಲ್ (ಕಡಿಮೆ ಗೇರ್) ಅಥವಾ ಮ್ಯಾನುಯಲ್ ಮೋಡ್. ಇಂಜಿನ್ ಸದ್ದು ಜೋರಾದರೆ ಹೆದರಬೇಡಿ, ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಮುಳ್ಳು ಕೆಂಪು ಗೆರೆ ಮುಟ್ಟದಿದ್ದರಾಯಿತು. ವೇಗ ಏರಿದಾಗ ಬ್ರೇಕನ್ನು ಮೂರ್ನಾಲ್ಕು ಸೆಕೆಂಡು ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಕಾಲು ಪೆಡಲ್ ಮೇಲೇ ಇಟ್ಟುಕೊಂಡಿರುವುದೇ ಎಲ್ಲಕ್ಕಿಂತ ಕೆಟ್ಟದ್ದು. ನ್ಯೂಟ್ರಲ್ ಅಂತೂ ಬೇಡವೇ ಬೇಡ.

ಮತ್ತೆ ವಾಸನೆ ಬಂದರೆ ಸಮತಟ್ಟಾದ ಕಡೆ ಅರ್ಧ ಗಂಟೆ ನಿಲ್ಲಿಸಿ. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಕಾದ ಬ್ರೇಕಿಗೆ ನೀರು ಸುರಿದರೆ ಡಿಸ್ಕ್ ಸೊಟ್ಟಗಾಗಬಹುದು, ಸುರಿಯಬೇಡಿ. ಸಂಗಾತಿಯ ಜೊತೆ ನೋಟ ನೋಡಲು ನಿಲ್ಲುವ ಜಾಗಗಳನ್ನು ಇಳಿಜಾರಿನ ನಡುವೆಯೇ ಆರಿಸಿಕೊಳ್ಳಿ, ಬ್ರೇಕಿಗೂ ಬಿಡುವು ಸಿಗುತ್ತದೆ.